ಶಿವನಸಮುದ್ರದ ಜಹಗೀರುದಾರ ಮನೆತನ: ವಂಶಾವಳಿಯ ಮೂಲವಿಚಾರ

ಕಾವೇರಿಯು ಇಬ್ಭಾಗವಾಗಿ ಒಂದೆಡೆ ಗಗನಚುಕ್ಕಿಯಾಗಿಯೂ ಮತ್ತೊಂದೆಡೆ ಭರಚುಕ್ಕಿಯಾಗಿಯೂ ಧುಮುಕುವ ಶಿವನಸಮುದ್ರ ದ್ವೀಪದಲ್ಲಿ, ಮಧ್ಯರಂಗನ ಸನ್ನಿಧಿಯ ಸುತ್ತ, ಪರಸ್ಪರ ಸಂಬಂಧವಿಲ್ಲದ ಎರಡು ಮನೆತನಗಳು ಒಂದಾದಮೇಲೊಂದು ನೆಲಸಿದುವು. ಮೊದಲನೆಯದು ಉಮ್ಮತ್ತೂರಿನ ಗಂಗರಾಜನದು. ವಿಜಯನಗರಕ್ಕೆ ತಲೆಬಾಗದ ಆತನನ್ನು, 1509ರಲ್ಲಿ ಪಟ್ಟವೇರಿದ ಕೃಷ್ಣದೇವರಾಯನು ಕೆಲವೇ ವರ್ಷಗಳಲ್ಲಿ ಸೋಲಿಸಿ ದ್ವೀಪದ ದುರ್ಗವನ್ನು ಹಿಡಿದನು. ಸ್ಥಳದ ಐತಿಹ್ಯವಾದರೋ ಗಂಗರಾಜ, ನಂದಿರಾಜ, ಇಮ್ಮಡಿ ಗಂಗರಾಜ ಎಂದು ಮೂರು ತಲೆಗಳನ್ನೆಣಿಸಿ, ನಡುವಣವನಾದ ನಂದಿರಾಜನು ಪತ್ನೀಸಮೇತನಾಗಿ ಜಲಪಾತಕ್ಕೆ ಧುಮುಕಿದನೆಂದು ಹೇಳುತ್ತದೆ. ಅನಂತರ ಪಟ್ಟಣವು ಕಾಡುಪಾಲಾಯಿತು.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅದನ್ನು ಮತ್ತೆ ಜನವಾಸಕ್ಕೆ ತಂದವನು ಮೈಸೂರಿನ ಬ್ರಿಟಿಷ್ ರೆಸಿಡೆಂಟರ ಆಪ್ತಸೇವಕನಾಗಿದ್ದ ರಾಮಸ್ವಾಮಿ ಮೊದಲಿಯಾರನು. ಕಾಡು ಕಡಿಸಿ, ನದಿಯ ಎರಡು ಕವಲುಗಳಿಗೂ ಕಲ್ಲಿನ ಕಂಬಗಳ ಮೇಲೆ ಸೇತುವೆ ಕಟ್ಟಿಸಿದ್ದಕ್ಕಾಗಿ ಕಂಪನಿ ಸರ್ಕಾರವು ಆತನಿಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದನ್ನೂ ಜಹಗೀರನ್ನೂ ಕೊಟ್ಟಿತು. ಮೈಸೂರು ಸಂಸ್ಥಾನವೂ ಗ್ರಾಮಗಳನ್ನಿತ್ತು ಗೌರವಿಸಿತು. ಸೇತುವೆಗಳಿಗೆ ಬಂದ ಹೆಸರುಗಳಾದರೋ ವೆಲ್ಲೆಸ್ಲಿಯದು ಮತ್ತು 1827ರಿಂದ 1832ರ ವರೆಗೆ ಮದರಾಸಿನ ಗವರ್ನರನಾಗಿದ್ದ ಲಷಿಂಗ್ಟನ್ನನದು. ಈ ಮನೆತನದ ಪ್ರಭುನಿಷ್ಠೆಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಆದಕಾರಣ ಇದರ ವಂಶವೃಕ್ಷವನ್ನು ಬರೆಯಹೊರಡುವವರು ಜನನಮರಣಗಳಿಗಿಂತ ಮೊದಲು ದಾನಪತ್ರಗಳನ್ನು ನೋಡತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ: ಇಲ್ಲಿ ಕುಲವನ್ನು ದ್ವೀಪಕ್ಕೆ ಬಿಗಿದದ್ದು ರಕ್ತವಲ್ಲ, ಸೇವೆ.

ಪರ್ತ್ ಬಳಿಯ ಎಲೆನ್‌ಬ್ರೂಕ್‌ನಲ್ಲಿ ಕುಳಿತು ಈ ವಿಷಯವನ್ನು ಪರ್ಯಾಲೋಚಿಸುವಾಗ ಒಂದು ಸಮಕಾಲೀನತೆಯು ಗಮನವನ್ನು ಸೆಳೆಯುತ್ತದೆ. ಲಷಿಂಗ್ಟನ್ ಸೇತುವೆ ಕಟ್ಟಲ್ಪಡುತ್ತಿದ್ದ ಕಾಲದಲ್ಲಿಯೇ, 1829ರಲ್ಲಿ ಜೇಮ್ಸ್ ಸ್ಟರ್ಲಿಂಗನು ಸ್ಥಾಪಿಸಿದ ಸ್ವಾನ್ ನದಿಯ ವಸಾಹತಿನಲ್ಲಿ, ಮೂರು ಪೌಂಡು ಮೌಲ್ಯದ ಬಂಡವಾಳಕ್ಕೆ ನಲವತ್ತು ಎಕರೆಯಂತೆ ನೆಲ ಹಂಚಲ್ಪಟ್ಟಿತು. ಆತನ ಪತ್ನಿ ಎಲೆನ್‌ಳ ಹೆಸರು ಇಲ್ಲಿನ ತೊರೆಗೆ ಬಂದಿತು. ಅಲ್ಲಿ ಸೇವೆಗೆ ಸಂದ ಭೂಮಿ ಇಲ್ಲಿ ಬಂಡವಾಳಕ್ಕೆ ಸಂದಿತು. ಆದರೆ ಅನಾದಿಯಿಂದ ಇಲ್ಲಿದ್ದ ವಜಕ್ ನೂಂಗಾರ್ ಜನರ ಹಕ್ಕು ಆ ಹಂಚಿಕೆಯಲ್ಲಿ ಗಣನೆಗೇ ಬರಲಿಲ್ಲವೆಂಬುದನ್ನು ಯಾವ ವಂಶಾವಳಿಕಾರನೂ ಮರೆಯಬಾರದು.

ಶಿವನಸಮುದ್ರದ ಸಂಶೋಧಕನಿಗೆ ಮತ್ತೊಂದು ತೊಡಕುಂಟು. ದ್ವೀಪವು ಕೊಳ್ಳೇಗಾಲದೊಡನೆ 1956ರ ವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಜಹಗೀರಿನ ಒಂದು ಭಾಗವಾದರೋ ಮೈಸೂರಿನದು. ಹೀಗಾಗಿ ಒಂದೇ ಮನೆತನದ ಉತ್ತರಾಧಿಕಾರವನ್ನು ನಿಶ್ಚಯಿಸಲು ಚೆನ್ನೈಯ ಮತ್ತು ಮೈಸೂರು ಸೀಮೆಯ ಕಂದಾಯದ ಕಡತಗಳನ್ನು ಜೊತೆಯಾಗಿಯೇ ಓದಬೇಕಾಗುತ್ತದೆ.