ಗುಜರಿ ಅಂಗಡಿಯಲ್ಲಿ ಜಿದ್ದಾದ ದಾರಿ

ಮುಂಬಯಿಯ ಚೋರ್ ಬಜಾರಿಗೆ ಆ ಹೆಸರು ಕಳ್ಳರಿಂದ ಬಂದದ್ದಲ್ಲ, ಗದ್ದಲದಿಂದ ಬಂದದ್ದು ಎಂದು ಅಲ್ಲಿನ ಹಳಬರು ಹೇಳುತ್ತಾರೆ. 'ಶೋರ್ ಬಜಾರು' ಬ್ರಿಟಿಷರ ನಾಲಿಗೆಯಲ್ಲಿ 'ಚೋರ್ ಬಜಾರು' ಆಯಿತಂತೆ. ಇದರ ಜೊತೆಗೆ ಇನ್ನೊಂದು ಕತೆಯೂ ಚಾಲ್ತಿಯಲ್ಲಿದೆ. ವಿಕ್ಟೋರಿಯಾ ರಾಣಿ ಮುಂಬಯಿಗೆ ಬಂದಾಗ ಹಡಗಿನಿಂದ ಸಾಮಾನು ಇಳಿಸುವ ಗಡಿಬಿಡಿಯಲ್ಲಿ ಆಕೆಯ ಪಿಟೀಲು ಕಳುವಾಯಿತು, ಅದು ಕೊನೆಗೆ ಈ ಬಜಾರಿನಲ್ಲಿ ಮಾರಾಟಕ್ಕೆ ತೂಗುಬಿದ್ದಿತ್ತು ಎಂಬುದು ಆ ಕತೆ. ರಾಣಿ ತನ್ನ ಜೀವಮಾನದಲ್ಲಿ ಒಮ್ಮೆಯೂ ಈ ದೇಶಕ್ಕೆ ಕಾಲಿಟ್ಟವಳಲ್ಲ. ಆದರೆ ಪಿಟೀಲಿನ ಕತೆಗೆ ಅದರಿಂದೇನೂ ಅಡ್ಡಿಯಾಗಿಲ್ಲ. ಹಳೆಯ ಸಾಮಾನಿನ ಬಜಾರಿನಲ್ಲಿ ಸರಕಿಗೆ ಮೊದಲು ಕತೆಯೇ ಮಾರಾಟವಾಗುವುದು.

ಭೇಂಡಿ ಬಜಾರಿನ ಪಕ್ಕದ ಮಟನ್ ಸ್ಟ್ರೀಟಿನ ಅಂಗಡಿಗಳಿಗೆ ಶುಕ್ರವಾರ ರಜೆ. ಆ ದಿನ ಬೆಳಗಿನ ಜಾವದಿಂದಲೇ ರಸ್ತೆಯ ಮೇಲೆ ಬಟ್ಟೆ ಹಾಸಿ ಕೂರುವ ಸಣ್ಣ ವ್ಯಾಪಾರಿಗಳದ್ದೇ ರಾಜ್ಯ. ಹಳೆಯ ಚಪ್ಪಲಿ, ಒಡೆದ ಟಾರ್ಚು, ಕೈ ಮುರಿದ ಗೊಂಬೆ, ಬೀಗವಿಲ್ಲದ ಕೀಲಿಕೈ, ಕೀಲಿಕೈಯಿಲ್ಲದ ಬೀಗ ಎಲ್ಲವೂ ಅಲ್ಲಿರುತ್ತವೆ. ಹಳತರ ಗೀಳು ಹತ್ತಿಸಿಕೊಂಡ ನಮ್ಮಂಥವರಿಗೆ ಅದು ಹಬ್ಬ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಸಾಲಿನಲ್ಲಿ ನಿಂತು ದೂಳು ಕುಡಿದವರಿಗೆ ಈ ಸುಖ ಏನೆಂದು ವಿವರಿಸಬೇಕಾಗಿಲ್ಲ. ಕಾರಂತರ 'ಅಪೂರ್ವ ಪಶ್ಚಿಮ'ವನ್ನೋ 'ಅಮೆರಿಕಾದಲ್ಲಿ ಗೊರೂರು' ಪುಸ್ತಕವನ್ನೋ ರಟ್ಟು ಹರಿದ ಪ್ರತಿಯಲ್ಲಿ ಅಗ್ಗಕ್ಕೆ ಕೊಂಡು, ಪಾಸ್‌ಪೋರ್ಟೇ ಇಲ್ಲದೆ ಲೋಕ ಸುತ್ತಿದವರು ನಮ್ಮ ನಡುವೆ ಕಡಿಮೆಯೇನಿಲ್ಲ.

ಚೋರ್ ಬಜಾರಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಮುದ್ರಯಾನದ ಸಾಮಾನು. ಹಿತ್ತಾಳೆಯ ಹಡಗಿನ ದೀಪಗಳು, ದುಂಡು ಕಿಟಕಿಗಳು, ದಿಕ್ಸೂಚಿಗಳು, ದುರ್ಬೀನುಗಳು. ಮುಂಬಯಿಯ ದಾರೂಖಾನಾದಲ್ಲಿ, ಆಮೇಲೆ 1983ರಿಂದ ಗುಜರಾತಿನ ಅಲಂಗ್ ಕಡಲ ತೀರದಲ್ಲಿ ಹಳೆಯ ಹಡಗುಗಳನ್ನು ಒಡೆಯುವ ಕೆಲಸ ನಡೆಯುತ್ತ ಬಂದಿದೆ. ಅಲ್ಲಿಂದ ಕಳಚಿದ ವಸ್ತುಗಳು ಇಂಥ ಬಜಾರುಗಳಿಗೆ ಬಂದಿವೆ ಎಂಬುದು ನಿಜ. ಹಾಗೆಂದು ಕಂಡದ್ದೆಲ್ಲ ಹಡಗಿನಿಂದ ಬಂದದ್ದಲ್ಲ. ಲಂಡನ್ನಿನ ಯಾವುದೋ ಕಂಪೆನಿಯ ಹೆಸರು, ಕೆಳಗೆ 1917 ಎಂದೋ 1920 ಎಂದೋ ಇಸವಿ ಕೆತ್ತಿದ ದುರ್ಬೀನುಗಳಲ್ಲಿ ಹೆಚ್ಚಿನವು ಇತ್ತೀಚೆಗೆ ಈ ದೇಶದ ಕಾರ್ಖಾನೆಗಳಲ್ಲೇ ತಯಾರಾದವು. ರಾಸಾಯನಿಕ ಹಚ್ಚಿ ಹಿತ್ತಾಳೆಯನ್ನು ಕಪ್ಪಾಗಿಸುವುದು ದೊಡ್ಡ ವಿದ್ಯೆಯಲ್ಲ. ನಿಜವಾಗಿ ಬಳಕೆಯಾದ ವಸ್ತು ಕೈ ತಾಗುವ ಜಾಗದಲ್ಲಿ ಮಾತ್ರ ಸವೆದಿರುತ್ತದೆ. ನಕಲಿಯಲ್ಲಾದರೋ ಮುಪ್ಪು ಎಲ್ಲ ಕಡೆ ಒಂದೇ ಸಮ ಬಂದಿರುತ್ತದೆ. ಗ್ರಾಮೋಫೋನಿನ ಮಿನುಗುವ ಕಹಳೆಗೆ ಮರುಳಾಗುವವರಿಗೂ ಇದೇ ಮಾತು.

ಆದರೆ ಯಾರೂ ನಕಲಿ ಮಾಡಲು ಹೋಗದ ಒಂದು ಸರಕಿದೆ. ಅದು ಬಡವರ ಕಾಗದ. ಹಳೆಯ ಹಜ್ ಟಿಕೆಟು, ಯಾತ್ರಿಕರ ಪಾಸು, ಸಿಡುಬು ಕಾಲರಾ ಚುಚ್ಚುಮದ್ದಿನ ಚೀಟಿ, ಮುಸಾಫಿರಖಾನೆಯ ರಸೀದಿ, ಮಕ್ಕಾದ ಚಿತ್ರವಿರುವ ಅಂಚೆ ಕಾರ್ಡು. ನಾವು ಹುಡುಕುವುದು ಇದನ್ನು.

ಈ ಕಾಗದಗಳ ಹಿಂದೆ ಒಂದು ದೊಡ್ಡ ಇತಿಹಾಸವಿದೆ. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಕೆಂಪು ಸಮುದ್ರದಲ್ಲಿ ಹಬೆ ಹಡಗುಗಳ ಓಡಾಟ ಹೆಚ್ಚಿತು. ಹಾಯಿ ಹಡಗು ಹತ್ತಿ ಗಾಳಿಯ ದಯೆಗಾಗಿ ಕಾಯಬೇಕಾಗಿದ್ದ ಯಾತ್ರೆ ದಿನಗಳ ಲೆಕ್ಕಕ್ಕೆ ಇಳಿಯಿತು. ಅಲ್ಲಿಯವರೆಗೆ ಹಜ್ ಕೈಗೆಟುಕದ ಕನಸಾಗಿದ್ದ ರೈತರು, ನೇಕಾರರು, ಸಣ್ಣ ವ್ಯಾಪಾರಿಗಳು ಮುಂಬಯಿಯ ದಾರಿ ಹಿಡಿದರು. ಹಡಗು ಕಂಪೆನಿಗಳಿಗೆ ಇವರು ಒಳ್ಳೆಯ ಸರಕಾದರು. ಸರಕು ಎಂಬ ಮಾತನ್ನು ನಾವು ಬೇಕೆಂದೇ ಬಳಸುತ್ತಿದ್ದೇವೆ. ಅಟ್ಟದ ಮೇಲೆ ಮೂಟೆ ಪೇರಿಸಿದಂತೆಯೇ ಅವರನ್ನು ಹಡಗಿನಲ್ಲಿ ತುಂಬುತ್ತಿದ್ದರು.

1880ರ ಆಗಸ್ಟಿನಲ್ಲಿ ನಡೆದ ಘಟನೆ ಇದಕ್ಕೆ ಸಾಕ್ಷಿ. 'ಜಿದ್ದಾ' ಎಂಬ ಹೆಸರಿನ ಹಡಗು ಸಿಂಗಪುರ, ಪೆನಾಂಗುಗಳಿಂದ 900ಕ್ಕೂ ಹೆಚ್ಚು ಯಾತ್ರಿಕರನ್ನು ಹೊತ್ತು ಹೊರಟಿತ್ತು. ಆಫ್ರಿಕದ ಕೊಂಬಿನ ಸಮೀಪ ಬಿರುಗಾಳಿಗೆ ಸಿಕ್ಕಿ ಅದರೊಳಗೆ ನೀರು ನುಗ್ಗತೊಡಗಿತು. ಆಗ ಕಪ್ತಾನನೂ ಅವನ ಬಿಳಿಯ ಅಧಿಕಾರಿಗಳೂ ಯಾತ್ರಿಕರನ್ನು ನಡುನೀರಿನಲ್ಲಿ ಬಿಟ್ಟು ದೋಣಿ ಹತ್ತಿ ಪರಾರಿಯಾದರು. ಇನ್ನೊಂದು ಹಡಗು ಅವರನ್ನು ಎತ್ತಿಕೊಂಡು ಏಡನ್ನಿಗೆ ಸೇರಿಸಿತು. 'ಜಿದ್ದಾ' ಮುಳುಗಿತು ಎಂದು ಅವರು ಅಲ್ಲಿ ವರದಿ ಕೊಟ್ಟರು. ಮರುದಿನವೇ 'ಆಂಟೆನರ್' ಎಂಬ ಹಡಗು, ಮುಳುಗಿತೆಂದು ಹೇಳಲಾದ ಆ ಹಡಗನ್ನು ಯಾತ್ರಿಕರ ಸಮೇತ ಎಳೆದು ತಂದು ಅದೇ ಬಂದರಿನಲ್ಲಿ ನಿಲ್ಲಿಸಿತು. ಅಧಿಕಾರಿಗಳು ಬಿಟ್ಟೋಡಿದ ಮೇಲೆ ಹಗಲಿರುಳು ನೀರು ತೋಡಿ ಹೊರಚೆಲ್ಲಿ ಹಡಗನ್ನು ತೇಲಿಸಿಟ್ಟವರು ಯಾತ್ರಿಕರೇ. ಜೋಸೆಫ್ ಕಾನ್ರಾಡ್ 1900ರಲ್ಲಿ ಪ್ರಕಟಿಸಿದ 'ಲಾರ್ಡ್ ಜಿಮ್' ಕಾದಂಬರಿಗೆ ಈ ಘಟನೆಯೇ ಮೂಲ. ಆ ಕಾದಂಬರಿಯಲ್ಲಿ ಓಡಿಹೋದ ಅಧಿಕಾರಿಯ ಮನಸ್ಸಿನ ತಳಮಳಕ್ಕೆ ನೂರಾರು ಪುಟಗಳಿವೆ. ನೀರು ತೋಡಿದವರ ಹೆಸರುಗಳು ಮಾತ್ರ ಎಲ್ಲಿಯೂ ಇಲ್ಲ.

ಯಾತ್ರಿಕರ ಬವಣೆಯ ಬಗ್ಗೆ ದೂರುಗಳು ಹೆಚ್ಚಿದಾಗ ಬ್ರಿಟಿಷ್ ಸರ್ಕಾರ 1886ರಲ್ಲಿ ಥಾಮಸ್ ಕುಕ್ ಕಂಪೆನಿಗೆ ಹಜ್ ಯಾತ್ರೆಯ ಏಜೆನ್ಸಿ ವಹಿಸಿತು. ಇಂಗ್ಲೆಂಡಿನ ಸಾಹೇಬರಿಗೆ ಸ್ವಿಟ್ಜರ್‌ಲ್ಯಾಂಡ್ ತೋರಿಸುತ್ತಿದ್ದ ಕಂಪೆನಿ ಮುಂಬಯಿಯಿಂದ ಜಿದ್ದಾಕ್ಕೆ ಟಿಕೆಟು ಮಾರತೊಡಗಿತು! ಕುಕ್ ಕಂಪೆನಿಗೆ ಇದರಲ್ಲಿ ಲಾಭ ಕಾಣಲಿಲ್ಲ. ನಷ್ಟ ತುಂಬಿಕೊಡಲು ಸರ್ಕಾರಕ್ಕೂ ಮನಸ್ಸಿರಲಿಲ್ಲ. ಹತ್ತು ವರ್ಷ ತುಂಬುವ ಮೊದಲೇ ಆ ವ್ಯವಸ್ಥೆ ಮುಗಿಯಿತು. ಇತ್ತ ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ತುರ್ಕಿ ಸರ್ಕಾರ 1880ರ ದಶಕದ ಆರಂಭದಲ್ಲಿ ಕ್ವಾರಂಟೈನ್ ಶುರುಮಾಡಿತ್ತು. ಜಿದ್ದಾ ಮುಟ್ಟುವ ಮೊದಲು ಅಲ್ಲಿ ಇಳಿದು, ಬಟ್ಟೆಬರೆಗಳಿಗೆ ಹಬೆ ಹಿಡಿಸಿಕೊಂಡು, ದಿನ ಎಣಿಸುತ್ತ ಕೂರಬೇಕು. 2020ರ ಕೊರೋನಾ ಕಾಲದಲ್ಲಿ ಕ್ವಾರಂಟೈನ್ ಎಂಬ ಪದವನ್ನು ನಮ್ಮಲ್ಲಿ ಬಹಳ ಮಂದಿ ಮೊದಲ ಸಲ ಕೇಳಿದರು. ಹಾಜಿಗಳ ಮನೆತನಗಳಿಗೆ ಅದು ತಲೆಮಾರುಗಳ ಹಿಂದೆಯೇ ಪರಿಚಯವಾಗಿತ್ತು.

ಅನುಕೂಲಸ್ಥರ ಯಾತ್ರೆಗೆ ಬರಹದ ದಾಖಲೆಯುಂಟು. ಭೋಪಾಲದ ನವಾಬ್ ಸಿಕಂದರ್ ಬೇಗಂ 1863-64ರಲ್ಲಿ ಹಜ್ ಮಾಡಿದರು. ಜಿದ್ದಾದ ಸುಂಕದವರ ಕಾಟ, ಮಕ್ಕಾದ ಬೀದಿಗಳ ಕೊಳಕು, ಆಡಳಿತದ ಹುಳುಕು ಯಾವುದನ್ನೂ ಆಕೆ ಮುಚ್ಚಿಡಲಿಲ್ಲ. ರಾಜ್ಯಭಾರ ಮಾಡಿದ ಹೆಂಗಸಿನ ಕಣ್ಣು ಅದು. ಅವರ ಬರಹ ಇಂಗ್ಲಿಷಿನಲ್ಲಿ 1870ರಲ್ಲಿ ಅಚ್ಚಾಯಿತು. ಬೇಗಂ ಪುಸ್ತಕ ಬಿಟ್ಟು ಹೋದರು. ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿದವರು ಬಿಟ್ಟು ಹೋದದ್ದು ಟಿಕೆಟಿನ ತುಂಡು, ಅಷ್ಟೆ. ಇತಿಹಾಸ ಬರೆಯುವವರು ಗುಜರಿಗೆ ಹೋಗಬೇಕಾಗುವುದು ಇದೇ ಕಾರಣಕ್ಕೆ.

ಇನ್ನು ಹೋಗಲಾಗದವರ ಮಾತು. ಅವರ ಪಾಲಿಗೆ ಚಿತ್ರಗಳಿದ್ದವು. ಈಜಿಪ್ಟಿನ ಸೇನಾಧಿಕಾರಿ ಮುಹಮ್ಮದ್ ಸಾದಿಕ್ ಬೇ 1861ರಲ್ಲಿ ಮದೀನಾದ, 1880ರಲ್ಲಿ ಮಕ್ಕಾದ ಫೋಟೋ ತೆಗೆದ. ದೆಹಲಿಯ ಚಾಂದನಿ ಚೌಕದ ಎಚ್. ಎ. ಮಿರ್ಜಾ ಅಂಡ್ ಸನ್ಸ್ ಎಂಬ ಫೋಟೋಗ್ರಾಫರುಗಳು 1907ರ ಆಸುಪಾಸಿನಲ್ಲಿ ಮಕ್ಕಾ, ಮದೀನಾ, ಮಿನಾ, ಅರಫಾತಿನ ಚಿತ್ರ ಸೆರೆಹಿಡಿದು ತಂದು ಮಾರಿದರು. ನಮ್ಮ ಮನೆಗಳ ಗೋಡೆಯ ಮೇಲೆ ಕನ್ನಡಿ ಕಟ್ಟಿನೊಳಗೆ ಕೂತ ಕಅಬಾದ ಚಿತ್ರಕ್ಕೆ ಇಂಥ ಪೂರ್ವಜರಿದ್ದಾರೆ. ಅಡುಗೆಯ ಹೊಗೆಯಲ್ಲಿ ಹಳದಿಯಾದ ಆ ಚಿತ್ರದ ಕೆಳಗೆ ಕುಳಿತು, ಹುಂಡಿಗೆ ಚಿಲ್ಲರೆ ಹಾಕುತ್ತ, 'ಬರುವ ವರ್ಷ ಇನ್‌ಶಾ ಅಲ್ಲಾಹ್' ಎನ್ನುತ್ತಲೇ ಮುದುಕಿಯರಾದ ಅಜ್ಜಿಯರನ್ನು ಯಾವ ಊರಿನಲ್ಲಿ ನೋಡಿಲ್ಲ? ಅವರಲ್ಲಿ ಕೆಲವರ ಹೆಸರಿನಲ್ಲಿ ಮಕ್ಕಳು ಬದಲಿ ಹಜ್ ಮಾಡಿಸಿದರು. ಚಿತ್ರದ ಮೇಲಿನ ಆ ದೃಷ್ಟಿಗೆ ಮಾತ್ರ ಬದಲಿಯಿಲ್ಲ.

ಹಜ್ ಹಡಗು ಎಂದೊಡನೆ ಹಿರಿಯರ ಬಾಯಲ್ಲಿ ಬರುವ ಹೆಸರು ಮೊಗಲ್ ಲೈನ್. 1877ರಲ್ಲಿ ಮುಂಬಯಿಯಲ್ಲಿ ಬೇರೆ ಹೆಸರಿನಿಂದ ಹುಟ್ಟಿದ ಕಂಪೆನಿ ಅದು. ಮೊಹಮ್ಮದಿ, ಇಸ್ಲಾಮಿ, ಸೌದಿ, ಅಕ್ಬರ್, ನೂರ್‌ಜಹಾನ್, ಅಕ್ಬರಿ. ಈ ಹೆಸರುಗಳನ್ನು ಹಿರಿಯರು ನೆಂಟರ ಹೆಸರಿನಂತೆ ನೆನೆಯುತ್ತಾರೆ. ಕರಾವಳಿಯಿಂದಲೂ ಬಯಲುಸೀಮೆಯಿಂದಲೂ ಹೊರಟವರು ಮೊದಲು ಮುಂಬಯಿ ಸೇರಬೇಕು. ಕ್ರಾಫರ್ಡ್ ಮಾರುಕಟ್ಟೆಯ ಬಳಿಯ ಹಾಜಿ ಸಾಬೂ ಸಿದ್ದೀಕ್ ಮುಸಾಫಿರಖಾನೆಯಂಥ ಕಡೆ ತಂಗಬೇಕು. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ಊರು ಬರೆಸಬೇಕು. ಹೊರಡುವ ಮುನ್ನ ಸಾಲ ತೀರಿಸಿ, ಆಡಿದ ಮಾತಿಗೆ ಕ್ಷಮೆ ಕೇಳಿ, ಮತ್ತೆ ಬಾರದವರಂತೆ ಬೀಳ್ಕೊಳ್ಳಬೇಕು. ಊರಿಗೆ ಊರೇ ಬಸ್ಸಿನವರೆಗೆ ಬರುತ್ತಿತ್ತು. ಅದರಲ್ಲಿ ಜಾತಿಮತ ನೋಡಿದವರಿಲ್ಲ. 1986ರಲ್ಲಿ ಮೊಗಲ್ ಲೈನ್ ಭಾರತೀಯ ಶಿಪ್ಪಿಂಗ್ ಕಾರ್ಪೊರೇಷನ್ನಿನಲ್ಲಿ ವಿಲೀನವಾಯಿತು. 1995ರಲ್ಲಿ 'ಅಕ್ಬರಿ' ಕೊನೆಯ ಸಲ ಹಾಜಿಗಳನ್ನು ಹೊತ್ತು ಹೋಯಿತು. ಮಂಗಳೂರಿನಿಂದ ಮುಂಬಯಿಗೆ ಕರಾವಳಿಯುದ್ದಕ್ಕೂ ರೈಲು ಓಡಲು ಕೊಂಕಣ ರೈಲ್ವೆ ಪೂರ್ತಿಯಾದದ್ದು 1998ರಲ್ಲಿ. ಬಂದರಿಗೆ ಹೋಗುವ ನೇರ ದಾರಿ ಸಿದ್ಧವಾಗುವ ಹೊತ್ತಿಗೆ ಬಂದರಿನಲ್ಲಿ ಹಡಗೇ ಇರಲಿಲ್ಲ.

ಈ ಯಾತ್ರೆ ಬಿಟ್ಟುಹೋದ ವಸ್ತುಗಳಲ್ಲಿ ಇಂದು ದುಬಾರಿಯಾಗಿರುವುದು ಹಜ್ ನೋಟು. ಆಗ ಕೊಲ್ಲಿಯ ಸೀಮೆಗಳಲ್ಲಿ ನಮ್ಮ ರೂಪಾಯಿಯೇ ಚಲಾವಣೆಯಲ್ಲಿತ್ತು. ಕುವೈತಿನಲ್ಲಿ, ಬಹರೇನಿನಲ್ಲಿ, ದುಬೈಯಲ್ಲಿ ಮೀನು ಕೊಳ್ಳಲೂ ರೂಪಾಯಿ, ಮಹರ್ ಕೊಡಲೂ ರೂಪಾಯಿ. ಅಲ್ಲಿಂದ ಚಿನ್ನ ಕಳ್ಳಸಾಗಣೆಯಾಗಿ ಬಂದು, ಅದಕ್ಕೆ ತೆತ್ತ ರೂಪಾಯಿಗಳು ರಿಸರ್ವ್ ಬ್ಯಾಂಕಿಗೆ ಮರಳಿ, ದೇಶದ ವಿದೇಶಿ ವಿನಿಮಯ ಕರಗತೊಡಗಿತು. ಅದನ್ನು ತಡೆಯಲು 1959ರಲ್ಲಿ ಕಾನೂನು ತಿದ್ದಿ, ದೇಶದ ಹೊರಗೆ ಮಾತ್ರ ನಡೆಯುವ ಬೇರೆ ನೋಟುಗಳನ್ನು ಅಚ್ಚು ಹಾಕಿದರು. ಕೊಲ್ಲಿಯ ನೋಟುಗಳ ಸಂಖ್ಯೆಯ ಮುಂದೆ 'ಝಡ್' ಅಕ್ಷರ. ಹಾಜಿಗಳಿಗೆಂದೇ ಮುದ್ರಿಸಿದ 10 ಮತ್ತು 100 ರೂಪಾಯಿಯ ನೋಟುಗಳಲ್ಲಿ 'ಎಚ್ಎ' ಅಕ್ಷರಗಳು, ಜೊತೆಗೆ ಹಜ್ ಎಂಬ ಪದ. ಕುವೈತ್ 1961ರಲ್ಲಿ, ಬಹರೇನ್ 1965ರಲ್ಲಿ ಸ್ವಂತ ನಾಣ್ಯಕ್ಕೆ ತಿರುಗಿದವು. 1966ರ ಜೂನಿನಲ್ಲಿ ರೂಪಾಯಿಯ ಅಪಮೌಲ್ಯವಾದಾಗ ಕತಾರ್, ದುಬೈಗಳೂ ಕೈಬಿಟ್ಟವು. ಒಮಾನ್ ಮಾತ್ರ 1970ರವರೆಗೆ ಉಳಿಸಿಕೊಂಡಿತು. ಮುಂದೆ ಸಾವಿರಾರು ಮಂದಿ ಕನ್ನಡಿಗರು ದಿರ್ಹಮ್, ರಿಯಾಲುಗಳನ್ನು ದುಡಿಯಲು ಹೋದ ಅದೇ ಮರಳುಗಾಡಿನಲ್ಲಿ ಸ್ವಲ್ಪ ಮುಂಚೆ ನಮ್ಮ ರೂಪಾಯಿಯೇ ದೊರೆಯಾಗಿತ್ತೆಂದರೆ ಇಂದಿನ ಹುಡುಗರು ನಂಬುವುದಿಲ್ಲ. 2024ರಲ್ಲಿ ಲಂಡನ್ನಿನ ಹರಾಜೊಂದರಲ್ಲಿ 100 ರೂಪಾಯಿಯ ಒಂದು ಹಜ್ ನೋಟು 50 ಲಕ್ಷ ರೂಪಾಯಿಗೂ ಮೀರಿ ಮಾರಾಟವಾಯಿತು. ಅಂಥ ನೋಟು ಉಳಿದಿದ್ದರೆ ಬಹುಶಃ ಯಾರೋ ಖರ್ಚು ಮಾಡಲು ಮರೆತು ಕಿತಾಬಿನ ನಡುವೆ ಇಟ್ಟದ್ದರಿಂದ.

ಹರಾಜಿನ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಜನ ಅಟ್ಟ ಹತ್ತುತ್ತಾರೆ. ಇದು ನಮಗೆ ಅಷ್ಟು ಹಿತವೆನಿಸುವುದಿಲ್ಲ. ನೋಟನ್ನು ಹುಡುಕುವ ಭರದಲ್ಲಿ ಪಾಸು, ರಸೀದಿ, ಕಾಗದಪತ್ರಗಳೆಲ್ಲ ಮೂಟೆಯಾಗಿ ರದ್ದಿಗೆ ಹೋಗುತ್ತವೆ. ರದ್ದಿಯವನು ಕಿಲೋ ಲೆಕ್ಕದಲ್ಲಿ ತೂಗುತ್ತಾನೆ. ಆ ಪಾಸಿನಲ್ಲಿ ಅಜ್ಜನ ಹೆಸರು, ಅವರ ತಂದೆಯ ಹೆಸರು, ಊರು, ಜಿಲ್ಲೆ ಇರುತ್ತದೆ. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ನಾಗರಿಕರ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಮಂದಿ ಹೊರಗುಳಿದ ಮೇಲೆ, ಇಲ್ಲಿಯೂ ಎಷ್ಟೋ ಮನೆಗಳಲ್ಲಿ ಟ್ರಂಕುಗಳು ತೆರೆದವು. ಅಜ್ಜ ಈ ಮಣ್ಣಿನಲ್ಲಿ ಹುಟ್ಟಿದ್ದಕ್ಕೆ ಏನಾದರೂ ಚೀಟಿ ಇದೆಯೇ ಎಂದು ತಡಕಾಡಿದ ಆ ರಾತ್ರಿಗಳಲ್ಲಿ ಹಳೆಯ ಕಾಗದದ ಬೆಲೆ ಹರಾಜಿನವರು ಕಟ್ಟುವುದಕ್ಕಿಂತ ಬೇರೆಯೇ ಆಗಿತ್ತು.

ಹಳತನ್ನು ಕೊಳ್ಳುವವರು ತಿಳಿದಿರಬೇಕಾದ ಒಂದು ಕಾನೂನಿದೆ. 1972ರ ಪುರಾತನ ವಸ್ತು ಕಾಯಿದೆಯ ಪ್ರಕಾರ 100 ವರ್ಷ ದಾಟಿದ ಶಿಲ್ಪ, ನಾಣ್ಯ ಮುಂತಾದವೂ, ಐತಿಹಾಸಿಕ ಮಹತ್ವವುಳ್ಳ ಹಸ್ತಪ್ರತಿಗಳಾದರೆ 75 ವರ್ಷ ದಾಟಿದವೂ ಪುರಾತನ ವಸ್ತುಗಳೆನಿಸುತ್ತವೆ. ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಮಸೀದಿ, ದರ್ಗಾಗಳ ಮೂಲೆಯಲ್ಲಿ ಗೆದ್ದಲು ತಿನ್ನುತ್ತಿರುವ ಕೈಬರಹದ ಕಿತಾಬುಗಳಿಗೂ ಇದು ಅನ್ವಯಿಸಬಹುದು. ಆದರೆ ಹಜ್ ಟಿಕೆಟನ್ನು, ಅಂಚೆ ಕಾರ್ಡನ್ನು ಕಾಯಬೇಕೆಂದು ಹೆಚ್ಚಿನವರಿಗೆ ಅನಿಸುವುದೇ ಇಲ್ಲ. ಮಟನ್ ಸ್ಟ್ರೀಟಿನ ಸುತ್ತಲಿನ ಭೇಂಡಿ ಬಜಾರಿನ ಹಳೆಯ ಕಟ್ಟಡಗಳೂ ಹಲವು ವರ್ಷಗಳಿಂದ ಒಂದೊಂದಾಗಿ ಉರುಳುತ್ತಿವೆ, ಆ ಜಾಗದಲ್ಲಿ ಗೋಪುರಗಳು ಏಳುತ್ತಿವೆ. ಮನೆ ಖಾಲಿ ಮಾಡಿ ಹೊಸ ಫ್ಲಾಟಿಗೆ ಹೋಗುವವರು ಟ್ರಂಕು ಒಯ್ಯುವುದಿಲ್ಲ. ಮುಚ್ಚಳದ ಮೇಲೆ ಹೆಸರು, ಊರು, ಕೆಳಗೆ ಜಿದ್ದಾ ಎಂದು ಬಿಳಿ ಬಣ್ಣದಲ್ಲಿ ಬರೆದ ಆ ಟ್ರಂಕನ್ನು ಕೊಂಡ ವ್ಯಾಪಾರಿ ಮೊದಲು ಮಾಡುವ ಕೆಲಸ, ಉಪ್ಪುಕಾಗದ ತಿಕ್ಕಿ ಹೆಸರನ್ನು ಅಳಿಸಿ ಹೊಸ ಬಣ್ಣ ಹೊಡೆಯುವುದು. ಹೆಸರಿದ್ದರೆ ಗಿರಾಕಿ ಹಿಂಜರಿಯುತ್ತಾನೆ ಎನ್ನುತ್ತಾರೆ.