ಹಳೇ ಜೀಪಿಗೆ ಗಟ್ಟಿ ಆಕ್ಸಲ್: ಒಂದಿಷ್ಟು ಇತಿಹಾಸ

ಹಳೇ ಜೀಪ್ ಇಟ್ಟುಕೊಂಡವರ ಮಾತು ಎಲ್ಲಿಂದಲೇ ಶುರುವಾಗಲಿ, ಕೊನೆಗೆ ಬಂದು ನಿಲ್ಲುವುದು ಆಕ್ಸಲ್ ಹತ್ತಿರವೇ. "ಆಕ್ಸಲ್ ಬದಲಾಯಿಸಿದ್ದೀರಾ? ಯಾವ ಗಾಡೀದು?" ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಬಿಳೇಕಹಳ್ಳಿ ಸಿಗ್ನಲ್ಲಿನಲ್ಲಿ ದೊಡ್ಡ ಟೈರು ಹಾಕಿಕೊಂಡು ನಿಂತ ಜೀಪನ್ನು ನೋಡಿದವರಿಗೆ ಇದೆಲ್ಲ ಐಟಿ ಹುಡುಗರ ವೀಕೆಂಡ್ ಶೋಕಿ ಅನ್ನಿಸಬಹುದು. ಆದರೆ ಜೀಪಿಗೆ ಗಟ್ಟಿ ಆಕ್ಸಲ್ ಬೇಕಾಗಿದ್ದು ಶೋಕಿಗಲ್ಲ. ಅದಕ್ಕೆ ಕಾರಣ ಜೀಪಿನ ಹುಟ್ಟಿನಲ್ಲೇ ಇದೆ.

1941ರಿಂದ 1945ರವರೆಗೆ ತಯಾರಾದ ವಿಲ್ಲೀಸ್ ಎಂಬಿ, ಅಂದರೆ ಯುದ್ಧದ ಜೀಪ್, ಹಿಂದೆ ಮುಂದೆ ಎರಡೂ ಕಡೆ ಸ್ಪೈಸರ್ ಕಂಪನಿಯ 'ಫುಲ್ ಫ್ಲೋಟಿಂಗ್' ಆಕ್ಸಲ್ ಹೊಂದಿತ್ತು. ಇದರಲ್ಲಿ ಗಾಡಿಯ ಭಾರವನ್ನೆಲ್ಲ ಹೊರುವುದು ಹೊರಗಿನ ಹೌಸಿಂಗ್ ಮತ್ತು ಹಬ್ಬಿನ ಬೇರಿಂಗುಗಳು. ಒಳಗಿನ ಶಾಫ್ಟಿಗೆ ಚಕ್ರ ತಿರುಗಿಸುವುದೊಂದೇ ಕೆಲಸ. ಹಾಗಾಗಿ ಶಾಫ್ಟ್ ತುಂಡಾದರೂ ಚಕ್ರ ತನ್ನ ಜಾಗದಲ್ಲೇ ಇರುತ್ತದೆ.

ಯುದ್ಧ ಮುಗಿದ ಮೇಲೆ ರೈತರಿಗೆ, ಎಸ್ಟೇಟಿನವರಿಗೆ ಮಾರಲೆಂದು ಸಿಜೆ ಸರಣಿಯ ಜೀಪುಗಳು ಬಂದವು. ಅವುಗಳ ಹಿಂದಿನ ಆಕ್ಸಲ್ 'ಸೆಮಿ ಫ್ಲೋಟಿಂಗ್' ಆಯಿತು. ಭಾರ ಹೊರುವುದೂ ಅದೇ ಶಾಫ್ಟ್, ತಿರುಗಿಸುವುದೂ ಅದೇ ಶಾಫ್ಟ್. 1953ರಲ್ಲಿ ಬಂದ ಸಿಜೆ 3ಬಿ ಹಿಂದೆ ಡೇನಾ 44 ಹೊತ್ತುಕೊಂಡು ಬಂತು. ಇದರ ಕ್ರೌನ್ ವೀಲ್ ಯುದ್ಧದ ಜೀಪಿನದ್ದಕ್ಕಿಂತ ದೊಡ್ಡದು, ಗಟ್ಟಿ. ಆದರೆ ಶಾಫ್ಟಿನ ತುದಿ ಮೊನಚಾಗುತ್ತಾ ಹೋಗಿ, ಒಂದು ಸಣ್ಣ ಕೀ ಮತ್ತು ದೊಡ್ಡ ನಟ್ಟಿನ ಮೇಲೆ ಹಬ್ ನಿಂತಿರುತ್ತದೆ. ಆ ಕೀ ಕೂರುವ ಗಾಡಿಯ ಬಳಿ ಶಾಫ್ಟ್ ಮುರಿದರೆ ಹಬ್, ಡ್ರಮ್, ಚಕ್ರ ಎಲ್ಲವೂ ಒಟ್ಟಿಗೆ ಹೊರಗೆ! ಅಂದರೆ ಹಲ್ಲಿನ ಲೆಕ್ಕದಲ್ಲಿ ಜೀಪ್ ಗಟ್ಟಿಯಾಯಿತು, ಮುರಿದಾಗ ಏನಾಗುತ್ತದೆ ಅನ್ನೋ ಲೆಕ್ಕದಲ್ಲಿ ಹಿಂದೆ ಬಿತ್ತು. 'ಗಟ್ಟಿ' ಅನ್ನುವ ಒಂದೇ ಪದದೊಳಗೆ ಈ ಎರಡು ಅರ್ಥ ಇವೆ. ಮುಂದಿನದನ್ನು ಓದುವಾಗ ಇದು ನೆನಪಿರಲಿ.

ಭಾರತಕ್ಕೆ ಬರೋಣ. 1945ರಲ್ಲಿ ಶುರುವಾದ ಮಹೀಂದ್ರ ಆ ದಶಕದ ಕೊನೆಯ ಹೊತ್ತಿಗೆ ಮುಂಬೈನಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತ್ತು. ಅಮೆರಿಕದಲ್ಲಿ ಸಿಜೆ 3ಬಿ 1968ಕ್ಕೇ ನಿಂತುಹೋಯಿತು. ನಮ್ಮಲ್ಲಿ ಅದೇ ವಂಶ ಇನ್ನೂ ದಶಕಗಳ ಕಾಲ ಬೆಳೆಯಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಜೀಪ್ ಅಂದರೆ ಮನೆಮಂದಿಯಲ್ಲಿ ಒಬ್ಬ. ಗೊಬ್ಬರದ ಮೂಟೆ, ಕಾಫಿ ಚೀಲ, ಕೂಲಿಯವರು, ಆಸ್ಪತ್ರೆಗೆ ಹೋಗಬೇಕಾದ ಬಸುರಿ, ಎಲ್ಲರಿಗೂ ಒಂದೇ ಗಾಡಿ.

ಪೆಟ್ರೋಲ್ ದುಬಾರಿಯಾಯಿತು. ಜೀಪಿನೊಳಗೆ ಡೀಸೆಲ್ ಬಂತು. ಮೊದಲು ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಎಂಜಿನ್, ಆಮೇಲೆ 1980ರ ದಶಕದಲ್ಲಿ ಎಂಎಂ 540ರಲ್ಲಿ ಪೂಜೋ ವಿನ್ಯಾಸದ 2.1 ಲೀಟರ್ ಎಂಜಿನ್. ಕಂಪನಿ ಮಾಡಿದ್ದನ್ನು ನೋಡಿ ಗ್ಯಾರೇಜುಗಳೂ ಹಳೇ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದವು. ಎಂಜಿನ್ ಬದಲಾಯಿತು, ಕೆಳಗಿನ ಆಕ್ಸಲ್ ಹಳೆಯದೇ ಉಳಿಯಿತು. ತೊಂದರೆ ಶುರುವಾಗಿದ್ದು ಇಲ್ಲಿ.

ಸ್ವಲ್ಪ ಲೆಕ್ಕ ಹಾಕೋಣ. ಸಿಜೆ 3ಬಿ ಪೆಟ್ರೋಲ್ ಎಂಜಿನ್ನಿನ ಟಾರ್ಕ್ ಸುಮಾರು 155 ನ್ಯೂಟನ್ ಮೀಟರ್. ಫಸ್ಟ್ ಗೇರ್ 2.8, ಲೋ ರೇಂಜ್ 2.46, ಆಕ್ಸಲ್ 5.38. ಗುಣಿಸಿದರೆ 37 ಪಟ್ಟು! ನಷ್ಟ ಬಿಟ್ಟು ನೋಡಿದರೆ ಆಕ್ಸಲ್‌ಗಳಿಗೆ ತಲುಪುವುದು 5700 ನ್ಯೂಟನ್ ಮೀಟರ್ ಹತ್ತಿರ. ಇಷ್ಟಾದರೂ ಮಣ್ಣಿನಲ್ಲಿ ಶಾಫ್ಟ್ ಬದುಕುವುದು ಯಾಕೆ ಗೊತ್ತೇ? ಟೈರ್ ಮೊದಲೇ ಜಾರಿಬಿಡುತ್ತದೆ. ಜಾರುವ ಟೈರೇ ಆಕ್ಸಲ್‌ನ ಫ್ಯೂಸ್ ಇದ್ದ ಹಾಗೆ. 29 ಇಂಚಿನ ಟೈರ್ ತೆಗೆದು 32 ಇಂಚಿನದ್ದು ಹಾಕಿದರೆ, ಅದು ಜಾರುವ ಮುನ್ನ ಶಾಫ್ಟ್ ತಡೆಯಬೇಕಾದ ಬಲ ಶೇ. 10ರಷ್ಟು ಹೆಚ್ಚುತ್ತದೆ. ಬಂಡೆಯ ಮೇಲೆ, ತುಂಬಿದ ಲೋಡಿನಲ್ಲಿ ಹಿಡಿತ ಇನ್ನೂ ಹೆಚ್ಚು. ಆಗ ಮುರಿಯುವುದು ಶಾಫ್ಟೇ.

ಹಾಗಾಗಿ ಮೆಕ್ಯಾನಿಕ್‌ಗಳು ದಾರಿ ಹುಡುಕಿದರು. ಹಳೇ ಜೀಪಿನ ಆಕ್ಸಲ್ ಕೂತಿರುವುದು ಲೀಫ್ ಸ್ಪ್ರಿಂಗ್ ಮೇಲೆ, ಯೂ ಬೋಲ್ಟುಗಳಿಂದ. ಬಿಚ್ಚಿದರೆ ಇಡೀ ಆಕ್ಸಲ್ ಹೊರಗೆ ಬರುತ್ತದೆ. ಹೊಸ ಮಾದರಿಯ ಜೀಪಿನ ಆಕ್ಸಲ್ ಗುಜರಿಯಲ್ಲಿ ಸಿಕ್ಕರೆ ತಂದು ಕೂರಿಸಬಹುದು. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ, ಶಿವಾಜಿನಗರ ಇದ್ದೇ ಇವೆ. ಇನ್ನು ಕೆಲವರು ಮೊನಚು ಶಾಫ್ಟ್ ತೆಗೆದು ಫ್ಲಾಂಜ್ ಇರುವ ಒಂದೇ ತುಂಡಿನ ಶಾಫ್ಟ್ ಹಾಕಿಸಿದರು. ಫುಲ್ ಫ್ಲೋಟಿಂಗ್ ಮಾಡಿಸಿದವರೂ ಇದ್ದಾರೆ. ಅಂದರೆ 1941ರ ಜೀಪಿನಲ್ಲಿ ಇದ್ದದ್ದನ್ನೇ ಮತ್ತೆ ದುಡ್ಡು ಕೊಟ್ಟು ವಾಪಸ್ ತಂದರು :-)

ಕೇಳಲು ಸುಲಭ, ಆದರೆ ಸಣ್ಣ ಲೆಕ್ಕ ತಪ್ಪಿದರೂ ಕೆಲಸ ಕೆಡುತ್ತದೆ. ಮುಖ್ಯವಾದದ್ದು ರೇಷಿಯೋ. 5.38 ಅಂದರೆ 43 ಹಲ್ಲಿಗೆ 8, 4.88 ಅಂದರೆ 39ಕ್ಕೆ 8. ಹಿಂದೆ ಒಂದು, ಮುಂದೆ ಇನ್ನೊಂದು ಇಟ್ಟು ಫೋರ್ ವೀಲ್ ಹಾಕಿದರೆ ಎರಡು ಆಕ್ಸಲ್‌ಗಳೂ ಒಂದನ್ನೊಂದು ಎಳೆದಾಡುತ್ತವೆ, ಗಟ್ಟಿ ರಸ್ತೆಯಲ್ಲಾದರೆ ಏನಾದರೊಂದು ಮುರಿಯುತ್ತದೆ. ಪರೀಕ್ಷೆ ಮಾಡಲು ಎರಡೂ ಚಕ್ರಗಳನ್ನು ಜಾಕ್ ಮೇಲೆ ಎತ್ತಿ ಒಟ್ಟಿಗೆ ಒಂದು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಬಂತೆಂದು ಎಣಿಸಿದರೆ ಸಾಕು. ಇನ್ನು ಡಿಫರೆನ್ಷಿಯಲ್ ಯಾವ ಪಕ್ಕಕ್ಕಿದೆ, ಸ್ಪ್ರಿಂಗ್ ಕೂರುವ ಅಗಲ ಎಷ್ಟು, ಬ್ರೇಕ್ ಹೊಂದುತ್ತದಾ, ಇವೂ ಬೇಕು. ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ಬಾಟಲ್‌ನೆಕ್ ತೆಗೆದರೆ ಇನ್ನೊಂದು ಎದ್ದು ಬರುವ ಹಾಗೆ, ಆಕ್ಸಲ್ ಗಟ್ಟಿ ಮಾಡಿದರೆ ಮುಂದಿನ ಸರದಿ ಯೂನಿವರ್ಸಲ್ ಜಾಯಿಂಟಿನದ್ದೋ ಗೇರ್‌ಬಾಕ್ಸಿನದ್ದೋ ಆಗಿರುತ್ತದೆ.

ಇನ್ನು ಕಾನೂನು. ಕಂಪನಿ ಮೂಲದಲ್ಲಿ ಹೇಳಿದ್ದಕ್ಕೂ ಆರ್‌ಸಿಯಲ್ಲಿ ಇರುವುದಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಮಾಲೀಕ ಬದಲಾಯಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಅಂತಲೂ ಬಂತು.

ಕಾನೂನಿನ ಉದ್ದೇಶ ನನಗೆ ಅರ್ಥವಾಗುತ್ತದೆ. ಕೊಲ್ಲೂರು, ನಿಟ್ಟೂರು ಕಡೆಯಿಂದ ಕೊಡಚಾದ್ರಿಗೆ, ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ ಬಾಡಿಗೆ ಜೀಪಿನಲ್ಲಿ ಹೋದವರಿಗೆ ಆ ದಾರಿ ಗೊತ್ತು. ಹಿಂದೆ ಜನ ತುಂಬಿರುವಾಗ ಒಂದು ಕೆಟ್ಟ ವೆಲ್ಡಿಂಗ್ ಸಾಕು. ಆದರೆ 70 ವರ್ಷದ ಹಿಂದಿನ ಮೊನಚು ಶಾಫ್ಟನ್ನು ಹಾಗೇ ಇಟ್ಟುಕೊಂಡರೆ ಗಾಡಿ 'ಮೂಲ'ವಾಗಿ ಉಳಿಯುತ್ತದೆ, ಒಳಗೆ ಕೂತವರು ಉಳಿಯುತ್ತಾರೆಂಬ ಭರವಸೆ ಇಲ್ಲ. ಒಳ್ಳೆಯ ಆಕ್ಸಲ್ ಹಾಕಿಸಿದವನು ಅದನ್ನು ಧೈರ್ಯವಾಗಿ ಆರ್‌ಟಿಒಗೆ ತೋರಿಸಿ, ಪರೀಕ್ಷೆ ಮಾಡಿಸಿಕೊಂಡು ಬರುವ ದಾರಿ ಸಲೀಸಾಗಬೇಕು. ಬಚ್ಚಿಟ್ಟು ಮಾಡಿದ ಕೆಲಸವನ್ನು ಯಾರೂ ಪರೀಕ್ಷಿಸುವುದಿಲ್ಲ. ಅಪಾಯ ಇರುವುದು ಅಲ್ಲೇ.

ನಿಮ್ಮೂರಿನ ಜೀಪುಗಳ ಕೆಳಗೊಮ್ಮೆ ಬಗ್ಗಿ ನೋಡಿ. ಹಿಂದಿನ ಚಕ್ರದ ನಟ್ಟ ನಡುವೆ ಕಾಟರ್ ಪಿನ್ ಹಾಕಿದ ಒಂದೇ ದೊಡ್ಡ ನಟ್ ಕಂಡರೆ ಅದು ಹಳೇ ಮೊನಚು ಶಾಫ್ಟ್ ಇರಬಹುದು. ಅದರ ಮಾಲೀಕರಿಗೆ ಒಂದು ಮಾತು ಹೇಳಿ.