ಸುಣ್ಣಕಲ್ಲಿನ ಕಣಿವೆಯಲ್ಲಿ ಮಳೆಗಾಲದ ನಡಿಗೆ

ಆಸ್ಪರಿ, ಆಲೂರು, ಆದವಾನಿ ಸೀಮೆಯ ಕನ್ನಡಿಗರಾದ ನಾವು ಇತಿಹಾಸದ ಮಾತು ಬಂದಾಗಲೆಲ್ಲ 1953ರ ಅಕ್ಟೋಬರ್ 1ಕ್ಕೆ ಬಂದು ನಿಲ್ಲುತ್ತೇವೆ. ಅಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಆ ಗೆರೆಯ ನೋವು ಸಹಜವಾದುದೇ. ಆದರೆ ಯಾವ ಗೆರೆಯನ್ನೂ ಅರಿಯದ ಇನ್ನೊಂದು ಇತಿಹಾಸ ನಮ್ಮ ಕಾಲಡಿಯಲ್ಲಿಯೇ ಇದೆ. ನಮ್ಮ ಪಡಸಾಲೆಗಳಿಗೆ ಹಾಸಿದ ಬೇತಂಚೆರ್ಲ ಕಲ್ಲು ಅದರದೊಂದು ಪುಟ. ಆ ಕಲ್ಲಿನ ತವರನ್ನು ಕಾಣಬೇಕೆಂದು ಶ್ರಾವಣದ ಒಂದು ಬೆಳಿಗ್ಗೆ ನಾವು ಕೆಲವರು ಆಸ್ಪರಿಯಲ್ಲಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ಬೇತಂಚೆರ್ಲದಲ್ಲಿ ಇಳಿದೆವು.

ನಮ್ಮ ಕಡೆಯದು ಎರೆಭೂಮಿ, ಕಣಶಿಲೆಯ ಗುಡ್ಡ. ಅಲ್ಲಿಯದು ಪದರ ಪದರವಾದ ಸುಣ್ಣಕಲ್ಲು; ಒಂದಾನೊಂದು ಕಾಲದ ಕಡಲ ತಳ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲವಾಗುತ್ತದೆ. ಕಲ್ಲಿನ ಬಿರುಕುಗಳಲ್ಲಿ ಇಳಿದು ಅದನ್ನು ಕರಗಿಸುತ್ತದೆ. ಹಾಗೆ ಕೊರೆದ ಗವಿಗಳೇ ಬಿಲ್ಲಸುರ್ಗಂ. ಬಿಲ, ಸುರಂಗ ಎಂಬ ಮಾತುಗಳು ಅದರಲ್ಲಿ ನಮ್ಮ ಕಿವಿಗೂ ಕೇಳಿಸುತ್ತವೆ. ನಾವು ಹೋದಾಗ ಸೋನೆ ಹಿಡಿದಿತ್ತು. ಹಳ್ಳಿಯ ದಾರಿಯಲ್ಲಿ ಕೆಸರು ಚಪ್ಪಲಿಯನ್ನು ಬಿಡಲೊಲ್ಲದು. ಕುರಿ ಕಾಯುವ ಹಿರಿಯರೊಬ್ಬರು ತಮ್ಮ ಕಂಬಳಿಯ ಕೊಪ್ಪೆಯನ್ನು ನಮ್ಮ ಜೊತೆಯ ಮಗುವಿಗೆ ಹೊದಿಸಿ, ಬಂಡೆಯ ಚಾಚಿನ ಕೆಳಗೆ ನಿಲ್ಲಲು ಹೇಳಿದರು. ಮನುಷ್ಯರು ಇಲ್ಲಿ ಮಳೆಗೆ ಹೀಗೆ ನಿಂತುದು ಎಷ್ಟು ಕಾಲದಿಂದಲೋ!

ಈ ಗವಿಗಳನ್ನು ಕುರಿತು 1844ರಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಬರೆದನು. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮತ್ತು ಅವನ ಮಗ ಹೆನ್ರಿ ಇಲ್ಲಿ ಅಗೆದರು. ಇಂದು ಈ ನಾಡಿನಲ್ಲಿ ಎಲ್ಲಿಯೂ ಕಾಣದ ಖಡ್ಗಮೃಗದ ಎಲುಬುಗಳೂ ಅವರಿಗೆ ದೊರೆತವು. ಈ ಫೂಟ್ ನಮಗೆ ಪರಕೀಯನಲ್ಲ. ಬಳ್ಳಾರಿಯ ಸಂಗನಕಲ್ಲಿನ ಪ್ರಾಚೀನತೆಯನ್ನು ಲೋಕಕ್ಕೆ ತಿಳಿಸಿದವನೂ ಅವನೇ.

ಮರುದಿನ ಜುರ‍್ರೇರು ಕಣಿವೆಯ ಜ್ವಾಲಾಪುರಕ್ಕೆ ಹೋದೆವು. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರದ ಟೋಬಾ ಜ್ವಾಲಾಮುಖಿ ಸಿಡಿದಾಗ ಅದರ ಬೂದಿ ಕಡಲು ದಾಟಿ ಈ ಕಣಿವೆಯಲ್ಲಿ ಇಳಿಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಮೈಕೆಲ್ ಪೆಟ್ರಾಗ್ಲಿಯಾ ಮತ್ತು ಸಂಗಡಿಗರು ಇಲ್ಲಿ ನಡೆಸಿದ ಉತ್ಖನನದ ಫಲ 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೂದಿಯ ಪದರದ ಕೆಳಗೂ ಕಲ್ಲಿನ ಆಯುಧಗಳು, ಮೇಲೆಯೂ ಅದೇ ಬಗೆಯ ಆಯುಧಗಳು. ಆಕಾಶವೇ ಮುಸುಕಿದಂಥ ವಿಪತ್ತಿನ ಅನಂತರವೂ ಈ ಕಣಿವೆಯಲ್ಲಿ ಮನುಷ್ಯನ ಬಾಳು ಮುಂದುವರಿಯಿತೆಂದು ಅವರು ಅದರಿಂದ ತರ್ಕಿಸಿದರು. ಕಾಲ, ಕುಲಗಳ ಬಗೆಗೆ ವಿದ್ವಾಂಸರಲ್ಲಿ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಆ ಚರ್ಚೆಗೆ ಸಾಕ್ಷಿ ಈ ಬೂದಿಯೇ. ಪಾತ್ರೆ ತೊಳೆಯುವ ಪುಡಿಗೆಂದು ಅದನ್ನೇ ಅಗೆದು ಸಾಗಿಸಿದ್ದಾರೆ. ಮಳೆಯಲ್ಲಿ ತೊಯ್ದು ನಿಂತ ಅಗೆತದ ಗುಂಡಿಗಳ ಮುಂದೆ ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಸಂಜೆ ಯಾಗಂಟಿಯ ಪುಷ್ಕರಿಣಿಯಲ್ಲಿ ಕಾಲು ತೊಳೆದೆವು. ಗುಡ್ಡದ ಒಡಲಲ್ಲಿ ಇಂಗಿದ ನೀರು ನಂದಿಯ ಬಾಯಿಂದ ಸುರಿಯುತ್ತಿತ್ತು. ಅಲ್ಲಿಯ ಬಸವಣ್ಣ ಬೆಳೆಯುತ್ತಿದ್ದಾನೆಂದೂ ಕಲಿಯುಗದ ಕೊನೆಗೆ ರಂಕೆ ಹಾಕುವನೆಂದೂ ಜನರ ನಂಬಿಕೆ. ಜನ ನಂಬಿಕೊಂಡ ಕಲ್ಲಿಗೆ ಕಾವಲಿದೆ. ಜನ ಅರಿಯದ ಬೂದಿಗೆ ಯಾರ ಕಾವಲು?

ಬಡವನ ಕೂಲಿಯನ್ನು ನಾವು ಹಳಿಯುತ್ತಿಲ್ಲ. ಆ ಗಣಿಯ ಕಲ್ಲಿನ ಮೇಲೆಯೇ ನಾವೂ ಕುಳಿತು ಉಣ್ಣುತ್ತೇವೆ. ಆದರೆ ಯಾವುದನ್ನು ಕಡಿಯಬಹುದು, ಯಾವುದನ್ನು ಕಡಿಯಬಾರದು ಎಂಬ ವಿವೇಕ ಬರಬೇಕಾದರೆ ಮೊದಲು ತಿಳಿವು ಬರಬೇಕು. ಆದುದರಿಂದ ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ: ಮುಂದಿನ ಮಳೆಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಒಮ್ಮೆ ಆ ಕಣಿವೆಗೆ ಹೋಗಿ ಬನ್ನಿ. ಬೂದಿಯ ಪದರ ಉಳಿದಿರುವಾಗಲೇ ಅವರು ಅದನ್ನು ನೋಡಲಿ.